ಮಣಿಪಾಲದಲ್ಲಿ ದಿನಬಾಡಿಗೆಗೆಂದು ಫ್ಲ್ಯಾಟ್ ಕೊಳ್ಳುವವರಿಗೆ

ತಿಂಗಳ ಬಾಡಿಗೆಗೆ ಕೊಟ್ಟರೂ ಕೈಕಚ್ಚದ ಫ್ಲ್ಯಾಟನ್ನು ಮಾತ್ರ ದಿನಬಾಡಿಗೆಗೆಂದು ಕೊಳ್ಳಿ. ಮುಂಬೈಯಲ್ಲಿರುವ ನೆಂಟರು, ದುಬೈಯಲ್ಲಿರುವ ಸೋದರಳಿಯ, ಬೆಂಗಳೂರಿನ ಹಳೆಯ ಸಹೋದ್ಯೋಗಿಗಳು, ಯಾರು ಕೇಳಿದರೂ ನಾನು ಮೊದಲು ಹೇಳುವುದು ಇಷ್ಟನ್ನೇ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ವಿದ್ಯಾರತ್ನ ನಗರದ ನಮ್ಮ ಎರಡು ಕೋಣೆಯ ಫ್ಲ್ಯಾಟನ್ನು ಈಗ ದಿನದ ಲೆಕ್ಕದಲ್ಲಿ, ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದೇನೆ. ಅತಿಥಿಗಳು ಬಂದ ತಿಂಗಳು ಕೈತುಂಬ ಹಣ ಬರುವುದು ನಿಜ. ಬಾರದ ತಿಂಗಳಲ್ಲೂ ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬರುತ್ತದೆ. ಆ ತಿಂಗಳನ್ನು ದಾಟುವ ಶಕ್ತಿ ನಿಮಗೂ ಇರಬೇಕು, ಕೊಳ್ಳುವ ಮನೆಗೂ ಇರಬೇಕು.

ಬರುವವರು ಯಾರು?

ಕಾಲೇಜಿನ ಊರು ಎಂದೊಡನೆ ವಿದ್ಯಾರ್ಥಿಗಳೇ ಗಿರಾಕಿಗಳು ಎಂದು ಹೊರಗಿನವರು ಭಾವಿಸುತ್ತಾರೆ. ಮಣಿಪಾಲದಲ್ಲಿ ಹಾಗಲ್ಲ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದಾಗಿನಿಂದ ಬೆಳೆದ ಊರು ಇದು. ವಿದ್ಯಾರ್ಥಿಗಳಿಗೆ ಹಾಸ್ಟೆಲುಗಳಿವೆ, ಪಿಜಿಗಳಿವೆ, ವರ್ಷದ ಕರಾರಿಗೆ ಸಿಗುವ ಮನೆಗಳೂ ಬೇಕಾದಷ್ಟಿವೆ. ದಿನಬಾಡಿಗೆಯ ಮನೆ ಬೇಕಾಗುವುದು ವಿದ್ಯಾರ್ಥಿಗಳ ಬೆನ್ನಿಗೆ ಬರುವವರಿಗೆ. ಪ್ರವೇಶದ ಹೊತ್ತಿಗೆ ಮಗಳನ್ನು ಬಿಡಲು ಬರುವ ಅಪ್ಪ ಅಮ್ಮ, ಪರೀಕ್ಷೆ ಮುಗಿದಾಗ ಸಾಮಾನು ಕಟ್ಟಿಸಲು ಬರುವ ಅಣ್ಣ, ಘಟಿಕೋತ್ಸವಕ್ಕೆ ಅಜ್ಜಿಯನ್ನೂ ಕರೆದುಕೊಂಡು ಬರುವ ಇಡೀ ಕುಟುಂಬ.

ಇವರಿಗೆಲ್ಲ ಒಂದು ಪಂಚಾಂಗವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪ್ರವೇಶದ ಓಡಾಟ. ಹೊರಗೆ ಜಡಿಮಳೆ ಇದ್ದರೂ ಕೋಣೆಗಳು ತುಂಬಿರುತ್ತವೆ. ನವೆಂಬರಿನಲ್ಲಿ ಘಟಿಕೋತ್ಸವ. ಡಿಸೆಂಬರ್ ಕೊನೆಗೆ ಮಲ್ಪೆಯ ಕಡಲು ನೋಡಲು ಬರುವವರು. ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳ ಜನವರಿ 18ರಂದು, ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆ ವಾರ ಐದಾರು ಕಿಲೋಮೀಟರ್ ದೂರದ ಮಣಿಪಾಲಕ್ಕೂ ಜನ ಉಕ್ಕುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಯ ದಿಬ್ಬಣಗಳು. ಈ ನಡುವೆ ಸೆಪ್ಟೆಂಬರಿನಂಥ ಖಾಲಿ ತಿಂಗಳುಗಳೂ ಇವೆ. ಘಟಿಕೋತ್ಸವದ ಮೂರು ದಿನದ ದರವನ್ನು ಹನ್ನೆರಡು ತಿಂಗಳಿಗೆ ಗುಣಿಸಿ ತೋರಿಸುವ ದಲ್ಲಾಳಿ ಎದುರಾದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಆಸ್ಪತ್ರೆಯ ಜೊತೆಗಾರರು

ಪಂಚಾಂಗವಿಲ್ಲದೆ ಬರುವವರು ಆಸ್ಪತ್ರೆಗೆಂದು ಬರುವವರು. ಕಸ್ತೂರ್ಬಾ ಆಸ್ಪತ್ರೆಗೆ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಉತ್ತರ ಕನ್ನಡದಿಂದ ವರ್ಷವಿಡೀ ರೋಗಿಗಳು ಬರುತ್ತಾರೆ. ಒಬ್ಬ ರೋಗಿಯ ಜೊತೆ ಇಬ್ಬರು ಮೂವರು ಬಂದಿರುತ್ತಾರೆ. ಕ್ಯಾನ್ಸರ್ ರೋಗಿಗೆ ವಿಕಿರಣ ಚಿಕಿತ್ಸೆ ಎಂದರೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುವುದು ಸಾಮಾನ್ಯ. ಪ್ರತಿದಿನದ ಚಿಕಿತ್ಸೆ ಕೆಲವೇ ನಿಮಿಷಗಳದ್ದು. ಅಷ್ಟಕ್ಕಾಗಿ ಘಾಟಿ ಹತ್ತಿ ಇಳಿಯಲು ಆಗುವುದಿಲ್ಲ, ಲಾಡ್ಜಿನಲ್ಲಿ ಒಂದೂವರೆ ತಿಂಗಳು ಇರಲು ಕೈಯಲ್ಲಿ ಹಣವಿರುವುದಿಲ್ಲ.

ಇವರು ಫೋನಿನಲ್ಲಿ ಎಸಿ ಇದೆಯೇ, ಟಿವಿ ಇದೆಯೇ ಎಂದು ಕೇಳುವುದಿಲ್ಲ. ಕೊಪ್ಪದ ಕಡೆಯವರೊಬ್ಬರು ನನ್ನನ್ನು ಕೇಳಿದ ಮೊದಲ ಮಾತು, "ಅಮ್ಮಾ, ಗಂಜಿ ಬೇಯಿಸಿಕೊಳ್ಳಬಹುದೇ?" ಎಂಬುದು. ಎರಡನೆಯದು, "ಲಿಫ್ಟಿನೊಳಗೆ ಗಾಲಿಕುರ್ಚಿ ಹೋಗುತ್ತದೆಯೇ?" ಹೋಗುತ್ತದೆ ಎಂದು ಹೇಳುವ ಮೊದಲು ನಾನು ಟೇಪು ಹಿಡಿದು ಬಾಗಿಲಿನ ಅಗಲ ಅಳೆದು ನೋಡಿದೆ. ನೀವು ಕೊಳ್ಳುವ ಮೊದಲೇ ಅಳೆಯಿರಿ. ಲಿಫ್ಟಿನ ಬಾಗಿಲು, ಬಚ್ಚಲುಮನೆಯ ಬಾಗಿಲು, ಲಿಫ್ಟ್‌ಗೆ ಹತ್ತುವ ಮುನ್ನ ಸಿಗುವ ಮೆಟ್ಟಿಲು. ನೆಲಮಹಡಿಯಲ್ಲಿ ನಾಲ್ಕು ಮೆಟ್ಟಿಲು ಏರಿಸಿ ಲಿಫ್ಟ್ ಇಟ್ಟಿರುವ ಕಟ್ಟಡಗಳು ಮಣಿಪಾಲದ ಇಳಿಜಾರಿನಲ್ಲಿ ಅನೇಕ ಇವೆ. ಅಲ್ಲಿ ಇಳಿಜಾರು ಹಾದಿ ಇಲ್ಲದಿದ್ದರೆ ಆ ಮನೆ ರೋಗಿಗಳ ಪಾಲಿಗೆ ಇಲ್ಲವೆಂದೇ ಲೆಕ್ಕ.

ಅಡುಗೆಮನೆಗೆ ನಾನು ಇಟ್ಟಿರುವುದು ಇಷ್ಟು: ಎರಡು ಒಲೆಯ ಸ್ಟವ್, ದೊಡ್ಡದೊಂದು ಚಿಕ್ಕದೊಂದು ಕುಕ್ಕರ್, ಮಿಕ್ಸಿ, ಕುಚ್ಚಲಕ್ಕಿಯ ಗಂಜಿಗೆ ಆಗುವಷ್ಟು ದೊಡ್ಡ ಪಾತ್ರೆ, ಆಸ್ಪತ್ರೆಗೆ ಊಟ ಒಯ್ಯಲು ಸ್ಟೀಲಿನ ಬುತ್ತಿ ಕ್ಯಾರಿಯರ್, ಬಿಸಿನೀರಿನ ಫ್ಲಾಸ್ಕ್. ಕಮೋಡಿನ ಪಕ್ಕದ ಗೋಡೆಗೆ ಹಿಡಿಕೆ ಹಾಕಿಸಿದ್ದೇನೆ. ಹಿಡಿಕೆಯ ಖರ್ಚು ಒಂದು ರಾತ್ರಿಯ ಬಾಡಿಗೆಗಿಂತ ಕಡಿಮೆ. ಹದಿನೈದು ದಿನಕ್ಕಿಂತ ಹೆಚ್ಚು ಇರುವವರಿಗೆ ದಿನದ ದರವನ್ನು ಅರ್ಧಕ್ಕೆ ಇಳಿಸಿ. ದಯೆಯ ಮಾತು ಹಾಗಿರಲಿ, ವ್ಯಾಪಾರದ ಲೆಕ್ಕದಲ್ಲೂ ಇದು ಸರಿ. ಕೋಣೆ ಬುಕ್ ಮಾಡಿಸುವ ಜಾಲತಾಣದ ಕಮಿಷನ್ ಇಲ್ಲ, ದಿನ ಬಿಟ್ಟು ದಿನ ಸ್ವಚ್ಛಗೊಳಿಸುವ ಖರ್ಚಿಲ್ಲ, ಖಾಲಿ ರಾತ್ರಿಗಳಿಲ್ಲ. ಇಂಟರ್ನ್‌ಶಿಪ್‌ಗೆಂದು ಎರಡು ತಿಂಗಳಿಗೆ ಬರುವವರು, ಕೆಲವು ವಾರ ಪಾಠ ಮಾಡಲು ಬರುವ ಅಧ್ಯಾಪಕರು ಕೂಡ ಇದೇ ಸಾಲಿಗೆ ಸೇರುತ್ತಾರೆ. ನನ್ನ ಮಟ್ಟಿಗೆ ಮಣಿಪಾಲದ ನಿಜವಾದ ವಹಿವಾಟು ಎರಡು ರಾತ್ರಿಯವರಿಂದಲ್ಲ, ಎರಡು ವಾರದವರಿಂದ ನಡೆಯುತ್ತದೆ.

ಜುಲೈಯಲ್ಲಿ ನೋಡಿ, ಮೇಯಲ್ಲೂ ನೋಡಿ

ಜಾಗದ ವಿಷಯ ಉದ್ದವಾಗಿ ಹೇಳುವಂಥದ್ದಲ್ಲ. ಆಸ್ಪತ್ರೆಗೂ ಊರಿನ ಮುಖ್ಯ ವೃತ್ತವಾದ ಟೈಗರ್ ಸರ್ಕಲ್‌ಗೂ ನಡೆದು ಹೋಗುವಷ್ಟು ಹತ್ತಿರವಿದ್ದರೆ ಬೆಲೆ ಹೆಚ್ಚು, ಖಾಲಿ ದಿನಗಳು ಕಡಿಮೆ. ಈಶ್ವರನಗರದ ಕಡೆ ತಿಂಡಿ ಅಂಗಡಿಗಳೂ ಹುಡುಗರ ಗಲಾಟೆಯೂ ರಾತ್ರಿಯವರೆಗೆ ಇರುತ್ತವೆ. ಅನಂತನಗರ ಶಾಂತವಾಗಿದೆ. ಪರ್ಕಳ, ಅಲೆವೂರು ರಸ್ತೆಯ ಕಡೆ ಅಗ್ಗ, ಆದರೆ ಸ್ವಂತ ವಾಹನವಿಲ್ಲದವರಿಗೆ ರಿಕ್ಷಾ ಖರ್ಚೇ ಭಾರ.

ಕಟ್ಟಡವನ್ನು ಮಾತ್ರ ಎರಡು ಕಾಲದಲ್ಲಿ ನೋಡಲೇಬೇಕು. ಜನವರಿಯಲ್ಲಿ ಎಲ್ಲ ಗೋಡೆಯೂ ಬಿಳಿಯೇ. ಜುಲೈಯಲ್ಲಿ, ಮೂರು ದಿನ ಬಿಡದೆ ಮಳೆ ಹೊಡೆದ ಮೇಲೆ, ಪಡುವಣ ಗೋಡೆಗೆ ಅಂಗೈ ಒತ್ತಿ ನೋಡಿ. ಕಪಾಟಿನ ಬಾಗಿಲು ತೆರೆದು ಮೂಸಿ ನೋಡಿ. ಬೂಸಲಿನ ವಾಸನೆ ಇದ್ದರೆ ಎಷ್ಟು ಬಣ್ಣ ಬಳಿದರೂ ಅದು ಹೋಗುವುದಿಲ್ಲ. ತಾರಸಿಯ ಮೇಲೆ ಶೀಟು ಹೊದೆಸಿದ್ದಾರೆಯೇ ಎಂದು ಮೇಲೆ ಹತ್ತಿ ನೋಡಿ. ಕೊನೆಯ ಮಹಡಿಯ ಫ್ಲ್ಯಾಟ್ ಅಗ್ಗಕ್ಕೆ ಸಿಗುತ್ತಿದ್ದರೆ ಕಾರಣ ಹೆಚ್ಚಾಗಿ ಅಲ್ಲಿರುತ್ತದೆ.

ಮೇಯಲ್ಲಿ ನೋಡಬೇಕಾದದ್ದು ನೀರು. ಉಡುಪಿ ಮಣಿಪಾಲಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ. ಬೇಸಿಗೆಯ ಕೊನೆಗೆ ಅಲ್ಲಿ ಮಟ್ಟ ಇಳಿದ ವರ್ಷ ನಗರಸಭೆ ನೀರನ್ನು ಸರದಿಯ ಮೇಲೆ ಬಿಡುತ್ತದೆ. ಕಟ್ಟಡಕ್ಕೆ ಸ್ವಂತ ಬಾವಿ ಇದೆಯೇ, ಮೇ ತಿಂಗಳಲ್ಲಿ ಅದರಲ್ಲಿ ನೀರು ನಿಲ್ಲುತ್ತದೆಯೇ, ಟ್ಯಾಂಕರ್ ತರಿಸಿದರೆ ಖರ್ಚನ್ನು ಹೇಗೆ ಹಂಚುತ್ತಾರೆ ಎಂದು ಕಾವಲುಗಾರನನ್ನೇ ಕೇಳಿ. ಮಾರುವವರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕಾಗದಪತ್ರ

ಇಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮನೆ ಇಷ್ಟವಾದ ಮೇಲೆ ಕಾಗದ ನೋಡುವವರೇ ಹೆಚ್ಚು. ಕಾಗದ ನೋಡಿದ ಮೇಲೆ ಮನೆಯನ್ನು ಇಷ್ಟಪಡಿ.

ಮಣಿಪಾಲ ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿದೆ. ಆದರೆ ಮಗ್ಗುಲಲ್ಲೇ 80 ಬಡಗಬೆಟ್ಟು ಗ್ರಾಮ ಪಂಚಾಯಿತಿಯ ಗಡಿ ಶುರುವಾಗುತ್ತದೆ. ಮಣಿಪಾಲ ಎಂದೇ ಜಾಹೀರಾತು ಕೊಟ್ಟ ಕಟ್ಟಡ ಪಂಚಾಯಿತಿಯಲ್ಲಿ ಇರಬಹುದು. ಮನೆಗೆ ಇ-ಖಾತೆ, ಅಂದರೆ ಸ್ಥಳೀಯ ಆಡಳಿತ ಕೊಡುವ ಆಸ್ತಿಯ ಗಣಕೀಕೃತ ದಾಖಲೆ, ಇರಬೇಕು: ನಗರಸಭೆಯದಾದರೆ ಇ-ಆಸ್ತಿಯ ಖಾತೆ, ಪಂಚಾಯಿತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಈಗ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಹಾಗಾಗಿ "ಆಮೇಲೆ ಮಾಡಿಸಿ ಕೊಡುತ್ತೇವೆ" ಎಂಬ ಮಾತಿಗೆ ಮುಂಗಡ ಕೊಡಬೇಡಿ. ಜೊತೆಗೆ ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ಓಸಿ ಎಂದು ಎಲ್ಲರೂ ಕರೆಯುವ ವಾಸಯೋಗ್ಯತಾ ಪತ್ರ, ಆಸ್ತಿಯ ಮೇಲೆ ಸಾಲ, ಅಡವು ಇದೆಯೇ ಎಂದು ತೋರಿಸುವ ಹಿಂದಿನ ಮೂವತ್ತು ವರ್ಷದ ಋಣಭಾರ ಪತ್ರ. ನಕ್ಷೆಯಲ್ಲಿ ನಾಲ್ಕು ಮಹಡಿ ಇದ್ದು ನಿಮಗೆ ತೋರಿಸುತ್ತಿರುವುದು ಐದನೆಯದಾದರೆ ಮಾತು ಅಲ್ಲಿಗೇ ಮುಗಿಯಿತು.

ನಮ್ಮ ಜಿಲ್ಲೆಯದೇ ಆದ ತೊಡಕುಗಳೂ ಇವೆ. ಮೊದಲನೆಯದು ಮೂಲಗೇಣಿ. ಕಟ್ಟಡ ನಿಂತ ಜಾಗ ಮೂಲಗೇಣಿಯದಾದರೆ ಮಾರುವವರು ಶಾಶ್ವತ ಗೇಣಿದಾರರೇ ಹೊರತು ಪೂರ್ಣ ಒಡೆಯರಲ್ಲ. ಮೂಲಿದಾರರ, ಅಂದರೆ ಆ ನೆಲದ ಮೂಲ ಒಡೆಯರ, ಹಕ್ಕು ಹಿಂದೆ ಉಳಿದಿರುತ್ತದೆ. ಹೊರ ಊರಿನ ವಕೀಲರಿಗೆ ಈ ಪದವೇ ಹೊಸದಾಗಿರುವುದರಿಂದ ಕಾಗದ ತೋರಿಸುವುದು ಉಡುಪಿಯ ವಕೀಲರಿಗೇ ಆಗಲಿ. ಎರಡನೆಯದು ಅಳಿಯಕಟ್ಟಿನ, ಅಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಹರಿದು ಬರುವ, ಕುಟುಂಬಗಳ ಆಸ್ತಿ. ವಿಭಾಗಪತ್ರ ಆಗಿದೆಯೇ, ಆಗಿದ್ದರೆ ಹೆಣ್ಣುಮಕ್ಕಳ ಕವಲುಗಳ ಎಲ್ಲ ಪಾಲುದಾರರ ಸಹಿ ಇದೆಯೇ ಎಂದು ಒಂದೊಂದೇ ಹೆಸರು ಹಿಡಿದು ನೋಡಬೇಕು. ಸಾಲದ ಕಡತದಲ್ಲಿ ನಾನು ವಂಶವೃಕ್ಷವನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿ ಸಹಿಯ ಎದುರು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಗುರುತು ಬೀಳದ ಹೆಸರು ಒಂದೇ ಉಳಿದರೂ ಕಡತ ಹಿಂದಕ್ಕೆ ಹೋಗುತ್ತಿತ್ತು. ನೀವೂ ಹಾಗೆಯೇ ಮಾಡಿ. ಮೂರನೆಯದು ಅಧಿಕಾರಪತ್ರ. ಇಲ್ಲಿನ ಮಾಲೀಕರು ಅನೇಕರು ಮುಂಬೈಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುತ್ತಾರೆ. ಮಾರಲು ಬಂದವರು ಅವರ ಪವರ್ ಆಫ್ ಅಟಾರ್ನಿ ಹಿಡಿದ ತಮ್ಮನೋ ಭಾವನೋ ಆಗಿರುತ್ತಾರೆ. ಅಧಿಕಾರ ಕೊಟ್ಟವರು ತೀರಿಕೊಂಡರೆ ಆ ಪತ್ರದ ಬಲವೂ ಮುಗಿಯುತ್ತದೆ. ಸಹಿಯ ದಿನ ಅವರೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡಿ.

ಮಾರುವವರು ಅನಿವಾಸಿಯಾದರೆ ಟಿಡಿಎಸ್, ಅಂದರೆ ಕೊಳ್ಳುವವರು ಬೆಲೆಯಲ್ಲೇ ಮುರಿದು ಕಟ್ಟುವ ತೆರಿಗೆಯ ಲೆಕ್ಕವೂ ಬೇರೆ. ಇಲ್ಲಿಯೇ ನೆಲೆಸಿದವರಿಂದ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗೆ ಕೊಂಡರೆ ಶೇಕಡಾ 1 ಮುರಿದುಕೊಂಡು ಸರ್ಕಾರಕ್ಕೆ ಕಟ್ಟಿದರೆ ಸಾಕು. ಅನಿವಾಸಿಯಾದರೆ 50 ಲಕ್ಷದ ಮಿತಿ ಇಲ್ಲ, ದರ ಬಹಳ ಹೆಚ್ಚು, ಮುರಿಯದಿದ್ದರೆ ಹೊಣೆ ಕೊಂಡವರ ಮೇಲೆ ಬೀಳುತ್ತದೆ. ಮುಂಗಡ ಕೊಡುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.

ಲೆಕ್ಕ ಹಾಕುವ ಬಗೆ

50 ಲಕ್ಷದ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇಕಡಾ 5, ಅಂದರೆ ಎರಡೂವರೆ ಲಕ್ಷ. ಆ ಶುಲ್ಕದ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಇನ್ನೂ 30,000. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇಕಡಾ 2 ಆಗಿದೆ, ಅಂದರೆ ಒಂದು ಲಕ್ಷ. ಒಟ್ಟು 3,80,000. ಮಂಚ, ಹಾಸಿಗೆ, ಫ್ರಿಜ್, ಇನ್ವರ್ಟರ್ ಎಂದು ಇನ್ನೆರಡು ಮೂರು ಲಕ್ಷ ಬೇರೆ ಇಡಿ.

30 ಲಕ್ಷ ಸಾಲ, ಬಡ್ಡಿ ಶೇಕಡಾ 8.5, ಅವಧಿ 20 ವರ್ಷ ಆದರೆ ಕಂತು ಸುಮಾರು 26,000. ಇದೇ ಮನೆಯನ್ನು ತಿಂಗಳಿಗೆ 20,000ಕ್ಕೆ ಕೊಟ್ಟಿರಿ ಎನ್ನೋಣ. ಸಂಘದ ನಿರ್ವಹಣೆ ಶುಲ್ಕ 3,000 ಕಳೆದು ಕೈಗೆ 17,000. ಕಂತಿಗೆ ನಿಮ್ಮ ಸಂಬಳದಿಂದ 9,000 ಸೇರಿಸಬೇಕು. ಅದು ಸಾಧ್ಯವಿಲ್ಲವಾದರೆ ಈ ಫ್ಲ್ಯಾಟ್ ನಿಮ್ಮದಲ್ಲ, ಮುಂದಿನ ಲೆಕ್ಕ ಓದುವುದೂ ಬೇಡ.

ಸಾಧ್ಯವಿದ್ದರೆ ದಿನಬಾಡಿಗೆಯನ್ನು ಇದರ ಎದುರು ಇಡಿ. ರಾತ್ರಿಗೆ 2,500. ಜಾಲತಾಣದ ಕಮಿಷನ್ ಶೇಕಡಾ 15 ಎಂದರೆ 375. ಅತಿಥಿಗಳು ಸರಾಸರಿ ಎರಡು ರಾತ್ರಿ ಇದ್ದು, ಪ್ರತಿ ಸಲ ಸ್ವಚ್ಛಗೊಳಿಸಿ ಬಟ್ಟೆ ಒಗೆಸಲು 400 ಆದರೆ ರಾತ್ರಿಗೆ 200. ಉಳಿದದ್ದು 1,925. ತಿಂಗಳ ಖಾಯಂ ಖರ್ಚು ನಿರ್ವಹಣೆಗೆ 3,000, ವಿದ್ಯುತ್ ಇಂಟರ್ನೆಟ್‌ಗೆ 3,000, ಮನೆ ನೋಡಿಕೊಳ್ಳುವವರಿಗೆ 5,000, ಒಟ್ಟು 11,000. ತಿಂಗಳಲ್ಲಿ 12 ರಾತ್ರಿ ತುಂಬಿದರೆ ಕೈಗೆ ಬರುವುದು 12,100. ಏನೂ ಓಡಾಡದೆ ಬರುತ್ತಿದ್ದ 17,000ಕ್ಕಿಂತ ಕಡಿಮೆ! 15 ರಾತ್ರಿ ತುಂಬಿದಾಗ ಮಾತ್ರ ದಿನಬಾಡಿಗೆ ತಿಂಗಳ ಬಾಡಿಗೆಯನ್ನು ಹಿಂದಿಕ್ಕುತ್ತದೆ. ಕಂತು ಪೂರ್ತಿ ಮನೆಯಿಂದಲೇ ಹುಟ್ಟಬೇಕಾದರೆ ಹತ್ತಿರ ಹತ್ತಿರ 20 ರಾತ್ರಿ ಬೇಕು. ಅದೂ ವರ್ಷದ ಸರಾಸರಿ.

ನಿಮ್ಮ ಅಂಕಿಗಳು ಬೇರೆ ಇರಬಹುದು. ಕೂಡುವ ಕಳೆಯುವ ಕ್ರಮ ಇದೇ ಇರಲಿ. ದಲ್ಲಾಳಿಯ ಹತ್ತಿರ ಕೇಳಬೇಕಾದ ಪ್ರಶ್ನೆ "ರಾತ್ರಿಗೆ ಎಷ್ಟು ಸಿಗುತ್ತದೆ" ಎಂಬುದಲ್ಲ, "ಕಳೆದ ಸೆಪ್ಟೆಂಬರಿನಲ್ಲಿ ಎಷ್ಟು ರಾತ್ರಿ ತುಂಬಿತ್ತು" ಎಂಬುದು. ಸಾಲ ಕೇಳಲು ಹೋದಾಗ ಈ ಅಂದಾಜನ್ನು ಬ್ಯಾಂಕಿನ ಮುಂದೆ ಇಡಬೇಡಿ. ಅವರು ನೋಡುವುದು ನಿಮ್ಮ ಸಂಬಳವನ್ನು, ಹಿಂದಿನ ವರ್ಷಗಳ ಆದಾಯ ತೆರಿಗೆ ವಿವರಗಳನ್ನು. ಗೃಹಸಾಲದ ಕರಾರಿನಲ್ಲಿ ಮನೆಯ ಬಳಕೆಯ ಬಗ್ಗೆ ಏನು ಬರೆದಿದೆ ಎಂಬುದನ್ನು ಮಾತ್ರ ಸಹಿ ಹಾಕುವ ಮೊದಲು ಓದಿ.

ಒಪ್ಪಿಗೆ, ಪರವಾನಗಿ, ತೆರಿಗೆ

ಫ್ಲ್ಯಾಟ್ ಮಾಲೀಕರ ಸಂಘದ ಬೈಲಾ, ಅಂದರೆ ನಿಯಮಾವಳಿ, ಕೇಳಿ ಪಡೆಯಿರಿ. ದಿನಬಾಡಿಗೆ ಕೂಡದು ಎಂಬ ಸಾಲು ಅದರಲ್ಲಿದ್ದರೆ ಆ ಕಟ್ಟಡವನ್ನು ಬಿಟ್ಟುಬಿಡಿ. ಇಲ್ಲದಿದ್ದರೂ ಸಂಘದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಮುಂದಿನ ಅಧ್ಯಕ್ಷರು ಬರುವವರೆಗೆ ಮಾತ್ರ. ಪಕ್ಕದ ಮನೆಯವರನ್ನು ಕಂಡು ನಿಮ್ಮ ಫೋನ್ ನಂಬರ್ ಕೊಟ್ಟು, "ಸದ್ದಾದರೆ ರಾತ್ರಿ ಹನ್ನೆರಡಾದರೂ ಕರೆ ಮಾಡಿ" ಎಂದು ಹೇಳಿ ಬನ್ನಿ. ಅವರೂ ಹಣ ಕೊಟ್ಟು ನೆಮ್ಮದಿಗಾಗಿ ಅಲ್ಲಿ ಮನೆ ಮಾಡಿದವರು.

ನಗರಸಭೆಯಲ್ಲಿ ಉದ್ದಿಮೆ ಪರವಾನಗಿಯ ವಿಷಯ, ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿ ಸಂಪರ್ಕ ಗೃಹಬಳಕೆಯದೋ ವಾಣಿಜ್ಯದ್ದೋ ಎಂಬ ವಿಷಯ ಮೊದಲೇ ಬಗೆಹರಿಸಿಕೊಳ್ಳಿ. ಹೋಂಸ್ಟೇ ಎಂಬ ಹೆಸರನ್ನು ಸುಮ್ಮನೆ ಹಾಕಿಕೊಳ್ಳಬೇಡಿ. ಅದು ಮಾಲೀಕರೂ ವಾಸವಿರುವ ಮನೆಗೆ ಪ್ರವಾಸೋದ್ಯಮ ಇಲಾಖೆ ಕೊಡುವ ಮಾನ್ಯತೆ. ಜಾಲತಾಣದ ಮೂಲಕ ಬಂದ ಅತಿಥಿಗಳ ಜಿಎಸ್‌ಟಿಯನ್ನು, ನಿಮಗೆ ನೋಂದಣಿ ಇಲ್ಲದಿದ್ದರೆ, ಆ ಜಾಲತಾಣವೇ ಕಟ್ಟುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟದ ಒಂದು ಫ್ಲ್ಯಾಟಿನವರಿಗೆ ಸಾಮಾನ್ಯವಾಗಿ ಸ್ವಂತ ನೋಂದಣಿ ಬೇಕಾಗುವುದಿಲ್ಲ. ಆದಾಯ ತೆರಿಗೆಯಲ್ಲಿ ತಿಂಗಳ ಬಾಡಿಗೆಗೆ ಶೇಕಡಾ 30ರ ಕಡಿತ ತಾನಾಗಿಯೇ ಸಿಗುತ್ತದೆ. ಹಾಸಿಗೆ ಹಾಸಿ, ಸ್ವಚ್ಛಗೊಳಿಸಿ ದಿನದ ಲೆಕ್ಕದಲ್ಲಿ ಕೊಟ್ಟರೆ ಅದನ್ನು ವ್ಯಾಪಾರದ ಆದಾಯವೆಂದು ಎಣಿಸುವ ಸಂಭವವೇ ಹೆಚ್ಚು. ಆಗ ರಸೀದಿ ಇದ್ದ ಖರ್ಚಷ್ಟೇ ಕಳೆಯಬಹುದು. ಬಲ್ಬ್ ತಂದ ರಸೀದಿಯನ್ನೂ ಎತ್ತಿಡಿ.

ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ವಿವರ ಸಲ್ಲಿಸಬೇಕು. ಹೊರದೇಶದ ವಿದ್ಯಾರ್ಥಿಗಳಿರುವ ಊರು ಇದಾದ್ದರಿಂದ ಅವರ ತಂದೆ ತಾಯಿ ಬರುವುದು ಅಪರೂಪವಲ್ಲ. ಎಲ್ಲ ಅತಿಥಿಗಳ ಗುರುತಿನ ಚೀಟಿಯ ಪ್ರತಿಯನ್ನು, ಒಬ್ಬರದಲ್ಲ, ಒಳಗೆ ಮಲಗುವ ಪ್ರತಿಯೊಬ್ಬರದನ್ನೂ ಪಡೆಯಿರಿ. ಊರಿನಲ್ಲೇ ಓದುತ್ತಿರುವ ಹುಡುಗರು ಒಂದು ರಾತ್ರಿಗೆ ಮನೆ ಕೇಳಿದರೆ ನಾನು ಕೊಡುವುದಿಲ್ಲ. ಹಾಸ್ಟೆಲ್ ಇರುವವರಿಗೆ ಒಂದು ರಾತ್ರಿಯ ಮನೆ ಯಾತಕ್ಕೆ? ಮಾದಕ ವಸ್ತುವಿನ ಬಳಕೆಗೆ ಗೊತ್ತಿದ್ದೂ ಜಾಗ ಕೊಟ್ಟರೆ ಮನೆಯ ಒಡೆಯರಿಗೂ ಶಿಕ್ಷೆ ಉಂಟೆಂದು ಎನ್‌ಡಿಪಿಎಸ್ ಕಾಯ್ದೆ ಹೇಳುತ್ತದೆ. ಶಿಕ್ಷೆಗಿಂತ ಮೊದಲು ನನಗೆ ನೆನಪಾಗುವುದು ಅವರನ್ನು ಇಲ್ಲಿ ಬಿಟ್ಟು ಹೋದ ತಂದೆ ತಾಯಿ. ಅವರೂ ನನ್ನ ಅತಿಥಿಗಳೇ.

ಮನೆ ನಡೆಸುವುದು

ಕರಾವಳಿಯ ಮಳೆಗಾಲಕ್ಕೆ ತಕ್ಕಂತೆ ಸಾಮಾನು ಆರಿಸಿ. ಅಗ್ಗದ ಪ್ಲೈವುಡ್ಡಿನ ಕಪಾಟು ಎರಡು ಮಳೆಗೆ ಉಬ್ಬುತ್ತದೆ. ದಪ್ಪ ಕುಶನ್ನಿನ ಸೋಫಾಕ್ಕಿಂತ ಬೆತ್ತದ ಅಥವಾ ಮರದ ಬೆಂಚು ಉತ್ತಮ. ಹಾಸಿಗೆಯೊಂದಕ್ಕೆ ಮೂರು ಜೊತೆ ಬೆಡ್‌ಶೀಟ್ ಬೇಕು, ಮಳೆಗಾಲದಲ್ಲಿ ನಾಲ್ಕು. ಬಾಲ್ಕನಿಯಲ್ಲಿ ನೇತುಹಾಕಿದ ಬಟ್ಟೆ ಜುಲೈಯಲ್ಲಿ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಡ್ರೈಯರ್ ಇರುವ ಲಾಂಡ್ರಿಯವರ ಜೊತೆ ತಿಂಗಳ ಲೆಕ್ಕ ಮಾಡಿಕೊಳ್ಳಿ. ಜೂನಿನ ಗಾಳಿಮಳೆಗೆ ಕರೆಂಟು ಹೋಗುವುದರಿಂದ ಇನ್ವರ್ಟರ್ ಇಲ್ಲದೆ ಆಗುವುದಿಲ್ಲ. ಕೋಣೆ ಖಾಲಿ ಇದ್ದ ವಾರದಲ್ಲೂ ಕಿಟಕಿ ತೆರೆದು, ಫ್ಯಾನ್ ಹಾಕಿ, ಬಾತ್‌ರೂಮಿನ ನಲ್ಲಿಗಳಲ್ಲಿ ನೀರು ಬಿಡಿಸಬೇಕು.

ಇದನ್ನೆಲ್ಲ ಮಾಡುವವರು ಊರಲ್ಲೇ ಇರಬೇಕು. ನೀವು ಬೆಂಗಳೂರಿನಲ್ಲಿ ಕುಳಿತು ನಡೆಸುವುದಾದರೆ ಮನೆಗಿಂತ ಮೊದಲು ನೋಡಿಕೊಳ್ಳುವವರನ್ನು ಹುಡುಕಿ. ನಮ್ಮ ಮನೆ ನೋಡಿಕೊಳ್ಳುವ ಅಕ್ಕ ಪರ್ಕಳದವರು. ಅತಿಥಿ ಹೊರಟ ಮೇಲೆ ಅವರು ಮೊದಲು ಮಾಡುವುದು ಗ್ಯಾಸ್ ಸಿಲಿಂಡರನ್ನು ಎತ್ತಿ ತೂಕ ನೋಡುವುದು, ಆಮೇಲೆ ಹಾಸಿಗೆಯ ನಾಲ್ಕು ಮೂಲೆ ಮಡಚಿ ತಿಗಣೆಯ ಕಪ್ಪು ಚುಕ್ಕೆ ಇದೆಯೇ ಎಂದು ನೋಡುವುದು, ಕೊನೆಗೆ ಪೊರಕೆ ಹಿಡಿಯುವುದು. ಆಸ್ಪತ್ರೆಯವರು ಬಿಟ್ಟು ಹೋದ ಬಚ್ಚಲನ್ನು ಕ್ರಿಮಿನಾಶಕ ಹಾಕಿ ತೊಳೆಯಲು, ಪ್ಯಾಡುಗಳನ್ನು ಬೇರೆ ಚೀಲಕ್ಕೆ ಹಾಕಲು ಕೈಗವಸು ಕೊಟ್ಟಿರುತ್ತೇನೆ. ಸೂಜಿ ಹಾಕಿಕೊಳ್ಳುವ ರೋಗಿ ಬಂದರೆ ಮೊದಲ ದಿನವೇ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಟ್ಟು, ಬಳಸಿದ ಸೂಜಿಗಳನ್ನು ಅದರಲ್ಲೇ ಹಾಕಲು ಹೇಳುತ್ತೇವೆ.

ಅವರ ಸಂಬಳವನ್ನು ಅತಿಥಿಗಳ ಲೆಕ್ಕಕ್ಕೆ ಕಟ್ಟಬೇಡಿ. ಖಾಲಿ ಸೆಪ್ಟೆಂಬರಿನಲ್ಲೂ ಅವರ ಮನೆಯಲ್ಲಿ ಒಲೆ ಉರಿಯಬೇಕು, ಮಕ್ಕಳ ಫೀಸು ಕಟ್ಟಬೇಕು. ಮೇಲೆ ಹಾಕಿದ 5,000 ತಿಂಗಳ ಖಾಯಂ ಸಾಲಿನಲ್ಲಿ ಇರುವುದು ಅದಕ್ಕೇ. ಅತಿಥಿ ಬಂದ ದಿನದ ಸ್ವಚ್ಛತೆಯ ಹಣ ಅದರ ಮೇಲೆ ಬೇರೆ. ಘಟಿಕೋತ್ಸವದ ವಾರದಲ್ಲಿ, ಪರ್ಯಾಯದ ವಾರದಲ್ಲಿ ಅದನ್ನು ಎರಡರಷ್ಟು ಕೊಡಿ. ಆ ದಿನಗಳಲ್ಲಿ ಊರಿನ ಎಲ್ಲ ಮನೆಗಳಿಂದಲೂ ಅವರಿಗೆ ಕರೆ ಬರುತ್ತಿರುತ್ತದೆ.